ಗಿಡದ ಬಾಯಾರಿಕೆ

ಬಾಡಿದ ಟೊಮ್ಯಾಟೊ ಗಿಡವನ್ನು ಕಂಡೊಡನೆ ನಾವು ನೀರೆರೆಯುತ್ತೇವೆ. ಆದರೆ ನೀರು ಕಡಿಮೆಯಾದರೆ ಮಾತ್ರವಲ್ಲ, ಹೆಚ್ಚಾದರೂ ಗಿಡವು ಬಾಡುತ್ತದೆ. ಮಣ್ಣಿನ ಕಣಗಳ ನಡುವಣ ಎಡೆಗಳಲ್ಲಿ ಗಾಳಿಯಿರುತ್ತದೆ. ಬೇರುಗಳು ಉಸಿರಾಡುವುದು ಆ ಗಾಳಿಯಿಂದಲೇ. ನೀರು ನಿಂತರೆ ಗಾಳಿಗೆ ಸ್ಥಳವಿಲ್ಲದೆ ಬೇರುಗಳು ಸೊರಗುತ್ತವೆ. ಸುತ್ತಲೂ ನೀರಿದ್ದರೂ ಅದನ್ನು ಹೀರಲಾರವು. ಅಂತಹ ಗಿಡಕ್ಕೆ ಮತ್ತೆ ನೀರೆರೆದರೆ ಬೇರು ಕೊಳೆತು ಗಿಡವೇ ಸಾಯಬಹುದು.

ನೀರಿನ ಕೊರತೆಯಾದಾಗ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ. ಇಂಗಾಲದ ಡೈಆಕ್ಸೈಡ್ ಸಾಕಷ್ಟು ಒಳಸೇರದೆ ಆಹಾರ ತಯಾರಿಕೆಯು ಕುಂದುತ್ತದೆ, ಹೂಗಳು ಉದುರುತ್ತವೆ. ಒಣಗಿದ ಮಣ್ಣಿಗೆ ಒಮ್ಮೆಲೇ ಹೆಚ್ಚು ನೀರು ಹಾಯಿಸಿದರೆ ಕಾಯಿಗಳು ಬಿರಿಯುತ್ತವೆ. ಮಳೆ ಕಡಿಮೆಯಿರುವ ಕೋಲಾರ ಜಿಲ್ಲೆಯ ಟೊಮ್ಯಾಟೊ ಬೆಳೆಗಾರರು ಹನಿ ನೀರಾವರಿಯನ್ನು ಬಳಸುತ್ತಾರೆ. ಇದರಿಂದ ನೀರು ಉಳಿಯುವುದಲ್ಲದೆ, ಬೇರುಗಳಿಗೆ ತೇವವೂ ಗಾಳಿಯೂ ದೊರೆಯುತ್ತವೆ.

ಆದುದರಿಂದ ನೀರೆರೆಯುವ ಮುನ್ನ ಮಣ್ಣನ್ನು ಬೆರಳುದ್ದ ಕೆದಕಿ ನೋಡಬೇಕು. ಗಿಡದ ಬಾಯಾರಿಕೆಯನ್ನು ಎಲೆಗಿಂತ ಮಣ್ಣೇ ಸರಿಯಾಗಿ ತಿಳಿಸುತ್ತದೆ.