ರಕ್ತದೊಳಗಿನ ಪುಟ್ಟ ಬುತ್ತಿಗಳು

ನಮ್ಮ ಜೀವಕೋಶಗಳು ತಮ್ಮೊಳಗಿನ ಪ್ರೋಟೀನು, ಆರ್‌ಎನ್‌ಎ ಚೂರುಗಳನ್ನು ಕೊಬ್ಬಿನ ಪೊರೆಯಲ್ಲಿ ಕಟ್ಟಿ ರಕ್ತಕ್ಕೆ, ಮೂತ್ರಕ್ಕೆ, ಜೊಲ್ಲಿಗೆ ಬಿಡುತ್ತಲೇ ಇರುತ್ತವೆ. ಕೋಶಕಗಳೆಂಬ ಈ ಬುತ್ತಿಗಳಲ್ಲಿ ಎಕ್ಸೋಸೋಮ್‌ಗಳು ತೀರಾ ಸಣ್ಣವು, ಸುಮಾರು 30ರಿಂದ 150 ನ್ಯಾನೊಮೀಟರ್. ಬುತ್ತಿ ಬಿಚ್ಚಿದರೆ ಯಾರ ಮನೆಯ ಅಡುಗೆಯೆಂದು ತಿಳಿಯುವಂತೆ, ಇವನ್ನು ಬಿಚ್ಚಿ ಓದಿದರೆ ಯಾವ ಅಂಗಕ್ಕೆ ಕಾಯಿಲೆ ಹತ್ತಿದೆಯೆಂದು ತಿಳಿದೀತು ಎಂಬುದು ವಿಜ್ಞಾನಿಗಳ ಆಸೆ.

1983ರಲ್ಲಿ ಕೆನಡಾದ ರೋಸ್ ಜಾನ್‌ಸ್ಟೋನ್ ತಂಡ ಇವನ್ನು ಕಂಡದ್ದು ಕುರಿಯ ಎಳೆಯ ರಕ್ತಕಣಗಳಲ್ಲಿ. ಲೇಪಾಕ್ಷಿಯ ಕುರಿ ಹಟ್ಟಿಗಳ ನಡುವೆ ಬೆಳೆದ ನನಗೆ ಅದನ್ನು ಓದಿ ಹಿಗ್ಗಾಯಿತು. ಎಕ್ಸೋಸೋಮ್‌ಗಳನ್ನು ಬಹಳ ಕಾಲ ಕೋಶದ ಕಸವೆಂದೇ ಎಣಿಸಿದ್ದರು. 2007ರಲ್ಲಿ ಸ್ವೀಡನ್ನಿನ ತಂಡವೊಂದು ಇವು ಆರ್‌ಎನ್‌ಎ ಹೊತ್ತು ಕೋಶದಿಂದ ಕೋಶಕ್ಕೆ ಹೋಗುತ್ತವೆಂದು ತೋರಿಸಿದ ಮೇಲೆ ನೋಟ ಬದಲಾಯಿತು. ಅಮೆರಿಕದಲ್ಲಿ ಈಗ 50 ದಾಟಿದ ಗಂಡಸರಿಗೆ, ರಕ್ತದ ಪಿಎಸ್‌ಎ ಅಂಕಿ ಪ್ರಾಸ್ಟೇಟ್ ಕ್ಯಾನ್ಸರಿನ ಅನುಮಾನ ಹುಟ್ಟಿಸಿದಾಗ, ಬಯಾಪ್ಸಿ ಬೇಕೋ ಬೇಡವೋ ಎಂದು ನಿರ್ಧರಿಸಲು ಮೂತ್ರದ ಎಕ್ಸೋಸೋಮ್ ಪರೀಕ್ಷೆಯೊಂದಿದೆ.

ನಾನು ಹಿಂದೂಪುರದ ಲ್ಯಾಬಿನಲ್ಲಿ ರಕ್ತ ತೆಗೆಯುವವನು. ಹುಣಸೆ ಮಂಡಿಯಲ್ಲಿ ದುಡಿಯುವ ಅಜ್ಜಿಯೊಬ್ಬರು ಕೇಳಿದ್ದರು: "ಏನಪ್ಪಾ, ಒಂದು ಸೂಜಿ ಚುಚ್ಚಿದ್ರೆ ಎಲ್ಲಾ ರೋಗ ತಿಳಿಯಾಕಿಲ್ವಾ?" ಇಲ್ಲಜ್ಜಿ, ಇನ್ನೂ ಇಲ್ಲ. ಅದಕ್ಕೊಂದು ಕಾರಣ ನನ್ನ ಮೇಜಿನ ಮೇಲೇ ಇದೆ.

ರಕ್ತ ಟ್ಯೂಬಿಗೆ ಬಂದ ಮೇಲೂ ಪ್ಲೇಟ್‌ಲೆಟ್‌ಗಳು ಬದುಕಿರುತ್ತವೆ, ತಮ್ಮದೇ ಕೋಶಕಗಳನ್ನು ಉದುರಿಸುತ್ತವೆ. ಹೆಪ್ಪುಗಟ್ಟಲು ಬಿಟ್ಟರೆ ಇನ್ನೂ ಹೆಚ್ಚು. ಟ್ಯೂಬು ಅಲುಗಿದರೂ ಹಾಗೆಯೇ. ಗೌರಿಬಿದನೂರಿನ ಮೇಲೆ ಬೆಂಗಳೂರಿಗೆ ಬಸ್ಸಿನಲ್ಲಿ ಕುಲುಕುತ್ತಾ ಹೋದ ಮಾದರಿಯಲ್ಲಿ ರೋಗಿಯ ಕೋಶಕ ಯಾವುದು, ದಾರಿಯಲ್ಲಿ ಹುಟ್ಟಿದ್ದು ಯಾವುದು? ಹಾಗಾಗಿ ಹೆಪ್ಪು ತಡೆಯುವ ಸಿಟ್ರೇಟ್ ಹಾಕಿದ ನೀಲಿ ಮುಚ್ಚಳದ ಟ್ಯೂಬಿನಲ್ಲಿ ತೆಗೆದು, ನೆಟ್ಟಗೆ ನಿಲ್ಲಿಸಿ, ಭೂಮಿಯ ಸೆಳೆತದ 2,500 ಪಟ್ಟು ಬಲದಲ್ಲಿ 15 ನಿಮಿಷದಂತೆ ಎರಡು ಸಲ ತಿರುಗಿಸಿ ಪ್ಲೇಟ್‌ಲೆಟ್ ಕಳೆದ ಮೇಲೆಯೇ ಪ್ಲಾಸ್ಮಾವನ್ನು ಫ್ರೀಜರಿಗಿಡುವುದು ಒಂದು ಕ್ರಮ. ಪ್ಲೇಟ್‌ಲೆಟ್ ಉಳಿದಿರುವಾಗಲೇ ಫ್ರೀಜರಿನಲ್ಲಿಟ್ಟು ಆಮೇಲೆ ಕರಗಿಸಿದರೆ ಅವು ಒಡೆದು ಲೆಕ್ಕವೆಲ್ಲ ಕೆಡುತ್ತದೆ. ಒಂದು ಲ್ಯಾಬಿನ ಫಲಿತಾಂಶ ಇನ್ನೊಂದರಲ್ಲಿ ಬಾರದಿರಲು ಇಂಥವೂ ಕಾರಣ. ಕೋಟಿ ಬೆಲೆಯ ಯಂತ್ರಕ್ಕಿಂತ ಮೊದಲು ಸೂಜಿ ಹಿಡಿದ ಕೈಗೆ ತರಬೇತಿ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮುಂದೆ ಎಂದಾದರೂ ಸಂಶೋಧನೆಗೆ ನಿಮ್ಮ ರಕ್ತ ಕೇಳಿದರೆ, ಒಪ್ಪಿಗೆ ಪತ್ರ ಓದಿಸಿಕೊಂಡು ಧೈರ್ಯವಾಗಿ ಕೊಡಿ. ತೆಗೆದ ಹೊತ್ತನ್ನು ಟ್ಯೂಬಿನ ಮೇಲೆ ಬರೆದರೋ ಇಲ್ಲವೋ, ಅದನ್ನೂ ಕೇಳಿ.