ಸರ್ವೆ ನಂಬರಿನ ಊರು ಯಾವುದು?

ಸದಸ್ಯ ಬೆಳೆಗಾರರಲ್ಲಿ ಅನೇಕರು ಸಾಲದ ಅರ್ಜಿಯಲ್ಲಿ ಸರ್ವೆ ನಂಬರನ್ನಷ್ಟೇ ಬರೆದು ಸುಮ್ಮನಾಗುತ್ತಾರೆ. 45ನೇ ನಂಬರು ಪಕ್ಕದ ಗ್ರಾಮದಲ್ಲೂ ಇದ್ದೀತು! ಗ್ರಾಮ, ಹೋಬಳಿ, ತಾಲ್ಲೂಕುಗಳ ಹೆಸರು ಸೇರಿದಾಗಲೇ ನಕ್ಷೆಯ ಆ ತುಂಡು ನಮ್ಮ ತೋಟವೆಂದು ಗುರುತಾಗುವುದು.

ತಾಲ್ಲೂಕುಗಳೋ ಬದಲಾಗುತ್ತಿರುತ್ತವೆ. ಮೂಡಿಗೆರೆ ತಾಲ್ಲೂಕಿನ ಹೋಬಳಿಯಾಗಿದ್ದ ಕಳಸ ಈಗ ತಾನೇ ತಾಲ್ಲೂಕು. ಕೊಡಗಿನಲ್ಲಿ ವಿರಾಜಪೇಟೆಯಿಂದ ಪೊನ್ನಂಪೇಟೆ, ಸೋಮವಾರಪೇಟೆಯಿಂದ ಕುಶಾಲನಗರ ಬೇರೆಯಾಗಿವೆ. ಹಳೆಯ ಕ್ರಯಪತ್ರದಲ್ಲಿ ಮೂಡಿಗೆರೆ, ಇಂದಿನ ಪಹಣಿಯಲ್ಲಿ ಕಳಸ. ತೋಟವೇನೋ ಇದ್ದಲ್ಲೇ ಇದೆ. ಕಡತ ಮಾತ್ರ ಮುಂದೆ ಹೋಗದೆ ನಿಲ್ಲುವುದುಂಟು. ಆದಕಾರಣ ಹೊಸ ತಾಲ್ಲೂಕಿನ ಹೆಸರಿನೊಡನೆ ‘ಹಿಂದಿನ ಮೂಡಿಗೆರೆ ತಾಲ್ಲೂಕು’ ಎಂದೂ ಬರೆಯತಕ್ಕದ್ದು. ಕ್ರಯಪತ್ರದ ಚಕ್ಕುಬಂದಿಯಲ್ಲಿರುವ ಹಳ್ಳ, ಕಾಲುದಾರಿಗಳನ್ನು ಗ್ರಾಮನಕ್ಷೆಯೊಂದಿಗೆ ಒಮ್ಮೆ ತಾಳೆ ನೋಡಿರಿ. ಪೋಡಿಯಾಗಿದ್ದರೆ ಹಿಸ್ಸಾ ನಂಬರನ್ನೂ ನಮೂದಿಸಿರಿ.