ಗಣಕಯಂತ್ರದ ಆಕಾಶದಲ್ಲಿ ಕಾಲವನ್ನೂ ನೋಟವನ್ನೂ ಸರಿಪಡಿಸುವ ಕ್ರಮ

ನಂಜನಗೂಡು, ತಿರುಮಕೂಡಲು ನರಸೀಪುರಗಳ ಅನೇಕ ಮನೆಗಳಲ್ಲಿ ಈಗ ಗಣಕಯಂತ್ರವುಂಟು. ನಮ್ಮ ಬಾಲಿಕೆಯರು ಶಾಲೆಯಲ್ಲಿ ಕಂಡ ‘ಸ್ಟೆಲೇರಿಯಮ್’ ಎಂಬ ತಂತ್ರಾಂಶವನ್ನು ಮನೆಯಲ್ಲಿಯೂ ತೆರೆದು, ತಾಯಿತಂದೆಗಳಿಗೆ ಗ್ರಹನಕ್ಷತ್ರಗಳನ್ನು ತೋರಿಸುತ್ತಿರುವರೆಂದು ಕೇಳಿ ಸಂತೋಷಪಟ್ಟೆವು. ಆದರೆ ಪರದೆಯಲ್ಲಿ ಕಂಡದ್ದು ಅಂಗಳದಲ್ಲಿ ಕಾಣಲಿಲ್ಲವೆಂದೂ, ಎರಡರಲ್ಲಿ ಯಾವುದನ್ನು ನಂಬಬೇಕೆಂದೂ ಕೆಲವು ಪೋಷಕರು ವಿಚಾರಿಸಿದ್ದಾರೆ. ಪ್ರಶ್ನೆಯು ಯೋಗ್ಯವಾದುದು. ಆದುದರಿಂದ ಈ ಸಂಚಿಕೆಯಲ್ಲಿ ಆ ವಿಷಯವನ್ನು ಸ್ವಲ್ಪ ವಿವರಿಸುತ್ತೇವೆ.

ಫಾಬಿಯನ್ ಶೆರೋ ಎಂಬ ಫ್ರೆಂಚ್ ತಂತ್ರಜ್ಞರು 2000ನೆಯ ಇಸವಿಯಲ್ಲಿ ಆರಂಭಿಸಿದ ಈ ತಂತ್ರಾಂಶವು ಎಲ್ಲರಿಗೂ ಉಚಿತವಾಗಿ ದೊರೆಯತಕ್ಕದ್ದಾಗಿದೆ. ಇದು ಆಕಾಶದ ಛಾಯಾಚಿತ್ರವಲ್ಲ; ಆಕಾಶದ ಲೆಕ್ಕಾಚಾರ. ನಾವು ಸ್ಥಳವನ್ನೂ ಕಾಲವನ್ನೂ ಹೇಳಿದರೆ, ಅಲ್ಲಿ ಆಗ ಕಾಣತಕ್ಕದ್ದನ್ನು ಇದು ಗಣಿಸಿ ಬರೆದು ತೋರಿಸುತ್ತದೆ. ಹೇಳಿದ್ದು ತಪ್ಪಾದರೆ ತೋರಿಸುವುದೂ ತಪ್ಪೇ.

ಮೊದಲನೆಯದು ಸ್ಥಳ. ಏನನ್ನೂ ತಿಳಿಸದಿದ್ದರೆ ಇದು ಪ್ಯಾರಿಸ್ ನಗರದ ಆಕಾಶವನ್ನು ತೋರಿಸುವುದುಂಟು; ಅಲ್ಲಿ ಸೂರ್ಯನು ವರ್ಷದ ಯಾವ ದಿನವೂ ನಡುನೆತ್ತಿಗೆ ಬರುವುದಿಲ್ಲ. ‘ಎಫ್6’ ಎಂಬ ಗುಂಡಿಯನ್ನು ಒತ್ತಿದರೆ ಸ್ಥಳದ ಕಿಟಕಿಯು ತೆರೆಯುವುದು. ನಂಜನಗೂಡಿನವರು ಉತ್ತರ ಅಕ್ಷಾಂಶ 12.12, ಪೂರ್ವ ರೇಖಾಂಶ 76.68 ಎಂದೂ, ನರಸೀಪುರದವರು 12.21, 76.90 ಎಂದೂ ತುಂಬತಕ್ಕದ್ದು.

ಎರಡನೆಯದು ಕಾಲ. ತಂತ್ರಾಂಶಕ್ಕೆ ತನ್ನದಾದ ಗಡಿಯಾರವಿಲ್ಲ. ಯಂತ್ರದ ಗಡಿಯಾರವನ್ನೇ ಅದು ನಂಬುತ್ತದೆ. ಹಳೆಯ ಯಂತ್ರಗಳಲ್ಲಿ ಒಳಗಿನ ಸಣ್ಣ ಬ್ಯಾಟರಿಯು ಮುಗಿದು ತಾರೀಖೇ ಹಿಂದಕ್ಕೆ ಹೋಗಿರಬಹುದು. ಇದನ್ನು ಮೊದಲು ನೋಡಿ, ಬಳಿಕ ಕಾಲವಲಯವು ಗ್ರೀನಿಚ್ಚಿಗಿಂತ ಐದೂವರೆ ಘಂಟೆ ಮುಂದಿದೆಯೇ ಎಂದು ಪರೀಕ್ಷಿಸಬೇಕು. ‘ಎಫ್5’ ಒತ್ತಿದರೆ ಬೇಕಾದ ದಿನವನ್ನೂ ಘಂಟೆಯನ್ನೂ ಕೊಡಬಹುದು. ‘ಎಲ್’ ಅಕ್ಷರವನ್ನು ಒತ್ತಿದಷ್ಟು ಸಲ ಕಾಲದ ಓಟವು ಹತ್ತರಷ್ಟು ಹೆಚ್ಚುತ್ತದೆ; ‘ಜೆ’ ಅದನ್ನು ತಗ್ಗಿಸುತ್ತದೆ; ‘ಕೆ’ ಸಹಜವಾದ ನಡಿಗೆಗೆ ತರುತ್ತದೆ; ‘7’ ನಿಲ್ಲಿಸುತ್ತದೆ; ‘8’ ಈಗಿನ ಕ್ಷಣಕ್ಕೆ ಹಿಂದಿರುಗಿಸುತ್ತದೆ. ಮಕ್ಕಳು ‘ಎಲ್’ ಒತ್ತಿ ಆಟವಾಡಿ ಹಾಗೆಯೇ ಎದ್ದುಹೋದರೆ, ಅನಂತರ ಕುಳಿತವರಿಗೆ ಬೇರೊಂದು ತಿಂಗಳಿನ ಆಕಾಶವು ಕಂಡು ಗಾಬರಿಯಾಗುವುದು ಸಹಜ. ಆಗ ‘8’ನ್ನೂ ‘ಕೆ’ಯನ್ನೂ ಒತ್ತಿದರೆ ಸಾಕು.

ಮೂರನೆಯದು ನೋಟ. ‘ಎ’ ಎಂಬುದು ವಾಯುಮಂಡಲವನ್ನೂ ‘ಜಿ’ ಎಂಬುದು ನೆಲವನ್ನೂ ತೆಗೆದು ಹಾಕುವ ಗುಂಡಿಗಳು. ವಾಯುಮಂಡಲವನ್ನು ತೆಗೆದರೆ ಹಗಲಿನಲ್ಲಿಯೂ ನಕ್ಷತ್ರಗಳು ತೋರುವುದರಿಂದ ಬಾಲಿಕೆಯರಿಗೆ ಇದು ಬಹು ಪ್ರಿಯ. ಆದರೆ ಗಾಳಿಯು ಬೆಳಕನ್ನು ಬಗ್ಗಿಸುವ ಲೆಕ್ಕವೂ ಅದರೊಡನೆಯೇ ಬಿಟ್ಟುಹೋಗುತ್ತದೆ. ನಮ್ಮ ಕಡೆ ಅದರಿಂದ ಸೂರ್ಯಾಸ್ತವು ಎರಡು ನಿಮಿಷಕ್ಕೂ ಮಿಗಿಲಾಗಿ ಮುಂಚಿತವಾಗಿ ತೋರುವುದು. ನೋಟಕ್ಕೆಂದು ಮಾಡಿದ ಬದಲಾವಣೆಯು ಕಾಲವನ್ನೂ ಕೆಡಿಸಬಹುದೆಂಬುದನ್ನು ಇಲ್ಲಿ ಗಮನಿಸಬೇಕು. ಹಾಗೆಯೇ ‘ಎಫ್4’ ಕಿಟಕಿಯಲ್ಲಿ ದೀಪಗಳ ಬೆಳಕಿನ ಪ್ರಮಾಣವನ್ನು ನಿಮ್ಮ ಬೀದಿಗೆ ತಕ್ಕಂತೆ ಇಟ್ಟುಕೊಳ್ಳದಿದ್ದರೆ, ಅಂಗಳದಲ್ಲಿ ಎಂದಿಗೂ ಕಾಣದ ಸಾವಿರಾರು ನಕ್ಷತ್ರಗಳು ಪರದೆಯಲ್ಲಿ ತುಂಬಿಕೊಳ್ಳುವುವು.

ಇಷ್ಟೆಲ್ಲ ಸರಿಪಡಿಸಿದ ಮೇಲೆಯೂ ಯಂತ್ರದ ಮಾತನ್ನು ಹಾಗೆಯೇ ಒಪ್ಪಿಕೊಳ್ಳಬಾರದು, ಪರೀಕ್ಷಿಸಬೇಕು. ಪರೀಕ್ಷೆಗೆ ಬೇಕಾದುದು ಒಂದು ಕೋಲು ಮಾತ್ರ. ಏಪ್ರಿಲ್ 22ರ ಸುಮಾರಿಗೂ ಆಗಸ್ಟ್ 21ರ ಸುಮಾರಿಗೂ ನಮ್ಮ ಎರಡೂ ಊರುಗಳಲ್ಲಿ ಸೂರ್ಯನು ನಡುನೆತ್ತಿಯ ಮೇಲೆಯೇ ಹಾಯುವುದರಿಂದ, ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಬುಡದಲ್ಲಿಯೇ ಅಡಗುತ್ತದೆ. ಅದು ಹನ್ನೆರಡು ಘಂಟೆಗೆ ಅಲ್ಲ. ಭಾರತದ ಕಾಲಮಾನವು 1906ನೆಯ ಜನವರಿ 1ರಿಂದ ಎಂಬತ್ತೆರಡೂವರೆ ಡಿಗ್ರಿಯ ರೇಖಾಂಶಕ್ಕೆ ಸೇರಿದ್ದು. ನಾವು ಅದಕ್ಕೆ ಪಶ್ಚಿಮದಲ್ಲಿದ್ದೇವೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸುಮಾರು 23 ನಿಮಿಷ ತಡವಾಗುವುದು. ಋತುವಿಗೆ ತಕ್ಕಂತೆ ಸೂರ್ಯನ ಗತಿಯಲ್ಲಿ ಕಾಣುವ ಅಲ್ಪ ವ್ಯತ್ಯಾಸವನ್ನೂ ಸೇರಿಸಿದರೆ, ಏಪ್ರಿಲಿನಲ್ಲಿ ನಂಜನಗೂಡಿಗೆ 12 ಘಂಟೆ 22 ನಿಮಿಷದ ಹೊತ್ತಿಗೆ ನಡುಹಗಲು. ನರಸೀಪುರಕ್ಕೆ ಅದು ಒಂದು ನಿಮಿಷಕ್ಕೆ ಸ್ವಲ್ಪ ಕಡಮೆಯಷ್ಟು ಮೊದಲೇ ಬರುವುದು. ಏಪ್ರಿಲಿನಲ್ಲಿ ಬೇಸಗೆಯ ರಜೆಯಾದ ಕಾರಣ ಈ ಪರೀಕ್ಷೆಯನ್ನು ಮನೆಯಂಗಳದಲ್ಲಿಯೇ ನಡೆಸಬೇಕು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ನೆಟ್ಟಗಿರುವುದನ್ನು ತಾಯಂದಿರು ನೋಡಿಕೊಡಬಹುದು. ಸೂರ್ಯನನ್ನು ಬರಿಗಣ್ಣಿನಿಂದ ನೋಡಗೊಡದೆ ನೆರಳನ್ನು ಮಾತ್ರ ನೋಡಿಸತಕ್ಕದ್ದು. ನೆರಳೂ ಪರದೆಯೂ ಒಂದೇ ಮಾತು ಹೇಳಿದರೆ ನಿಮ್ಮ ಯಂತ್ರವು ಸರಿಯಾಗಿ ಅಣಿಯಾಗಿದೆಯೆಂದು ತಿಳಿಯಿರಿ.

ಪುರಾತನ ಕಾಲದ ಆಕಾಶವನ್ನು ನೋಡುವವರಿಗೆ ಇನ್ನೊಂದು ಎಚ್ಚರಿಕೆಯುಂಟು. ಮೂಡಣ ದೇಶದ ಜೋಯಿಸರು ಕಂಡ ನಕ್ಷತ್ರವು ಯಾವುದೆಂದು ಕ್ರಿಸ್ಮಸ್ ಸಮಯದಲ್ಲಿ ಬಾಲಿಕೆಯರು ಕೇಳುವುದುಂಟು. ಕ್ರಿಸ್ತಪೂರ್ವ 7ರಲ್ಲಿ ಗುರುವೂ ಶನಿಯೂ ಮೀನರಾಶಿಯಲ್ಲಿ ಮೂರು ಸಲ ಸಮೀಪಿಸಿದುವೆಂದು ಕೆಪ್ಲರನ ಕಾಲದಿಂದಲೂ ಪಂಡಿತರು ಗಣಿಸಿರುವರು. ಅದನ್ನು ನೋಡಲು ಬೇತ್ಲೆಹೇಮನ್ನು ಸ್ಥಳವಾಗಿ ಕೊಟ್ಟು, ವರ್ಷದ ಮನೆಯಲ್ಲಿ ಋಣ 7ನ್ನಲ್ಲ, ಋಣ 6ನ್ನು ಬರೆಯಬೇಕು. ಏತಕ್ಕೆಂದರೆ ಚರಿತ್ರೆಯಲ್ಲಿ ಶೂನ್ಯವರ್ಷವಿಲ್ಲ. ಖಗೋಳ ಗಣಿತದಲ್ಲಿ ಉಂಟು. ಋಣ 7 ಎಂದು ಬರೆದವರಿಗೆ ಆ ಎರಡು ಗ್ರಹಗಳೂ ದೂರದೂರವಾಗಿಯೇ ಕಾಣುವುವು. ಈ ಯೋಗವೇ ಜೋಯಿಸರ ನಕ್ಷತ್ರವೆಂದು ಯಂತ್ರವು ಹೇಳುವುದಿಲ್ಲ, ನಾವೂ ಹೇಳುವುದಿಲ್ಲ. ಗ್ರಹಗಳು ಎಲ್ಲಿದ್ದುವೆಂಬುದು ಗಣಿತದ ವಿಷಯ; ಅವುಗಳ ಅರ್ಥವೇನೆಂಬುದು ಬೇರೆ ವಿಚಾರ.

ನಮ್ಮ ಬಾಲಿಕೆಯರು ಮುಂದೆ ಆಸ್ಪತ್ರೆ, ಕಛೇರಿ, ಕಾರ್ಖಾನೆಗಳಲ್ಲಿ ಇಂತಹ ಅನೇಕ ಪರದೆಗಳ ಮುಂದೆ ಕುಳಿತು ಕೆಲಸಮಾಡಬೇಕಾದವರು. ಅಲ್ಲಿ ತಪ್ಪಾದ ಘಂಟೆಯಿಂದಲೂ ತಪ್ಪಾದ ಅಳತೆಯಿಂದಲೂ ಇತರರಿಗೆ ಕೇಡುಂಟಾದೀತು. ಈ ಲೆಕ್ಕವು ಯಾವ ಸ್ಥಳದ್ದು, ಯಾವ ಕಾಲದ್ದು, ಏನನ್ನು ಬಿಟ್ಟಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ಈಗಲೇ ಮಾಡಿಸುವುದು ಒಳ್ಳೆಯದು. ಎಲ್ಲವನ್ನೂ ಶೋಧಿಸಬೇಕೆಂದು ಅಪೊಸ್ತಲನಾದ ಪೌಲನು ಥೆಸಲೋನಿಕದ ಸಭೆಗೆ ಕೊಟ್ಟ ಬುದ್ಧಿವಾದವು ವಿಜ್ಞಾನದ ತರಗತಿಗೂ ಸಲ್ಲುತ್ತದೆ. ಪೋಷಕರು ಮಕ್ಕಳೊಡನೆ ಕೋಲನ್ನು ನೆಟ್ಟು, ನೆರಳು ಅಡಗಿದ ಘಂಟೆಯನ್ನು ಬರೆದು ಶಾಲೆಗೆ ಕಳುಹಿಸಬೇಕೆಂದು ವಿಜ್ಞಾಪಿಸುತ್ತೇವೆ. ಎರಡೂ ಊರುಗಳ ಲೆಕ್ಕಗಳನ್ನು ತರಗತಿಯಲ್ಲಿ ಹೋಲಿಸಿ ನೋಡುವೆವು.